ಮನೆಗೆ ಹೊಸದಾಗಿ ಬಂದ ಹವಳ

ಹವಳವೆಂದೊಡನೆ ನಮ್ಮ ಗೃಹಿಣಿಯರಿಗೆ ನೆನಪಾಗತಕ್ಕದ್ದು ಅಕ್ಕಸಾಲಿಗನ ಅಂಗಡಿ. ತಾಳಿಯ ಸರದಲ್ಲಿ ಕರಿಮಣಿಗಳ ನಡುವೆ ಪೋಣಿಸುವ ಕೆಂಪು ಮಣಿ. ಕುಜನ ಕಾಟ ತಪ್ಪಲೆಂದು ಜೋಯಿಸರು ಉಂಗುರದಲ್ಲಿ ಕಟ್ಟಿಸಹೇಳುವ ಹರಳು. ನವರತ್ನಗಳ ಎಣಿಕೆಯಲ್ಲಿ ಒಂದು. ಅದು ನೆಲದಿಂದ ಅಗೆದು ತೆಗೆದ ಕಲ್ಲಲ್ಲ, ಸಮುದ್ರದ ತಳದಲ್ಲಿ ಬದುಕಿ ಬಾಳಿದ ಜಂತುಗಳು ಕಟ್ಟಿಕೊಂಡ ಎಲುಬೆಂದು ಹೇಳಿದರೆ ಹುಬ್ಬೇರಿಸುವವರು ಇಂದಿಗೂ ಉಂಟು. ಹೀಗಿರಲು, ಅದರ ನೆಂಟರಿಷ್ಟರನ್ನು ಜೀವಸಹಿತವಾಗಿಯೇ ಗಾಜಿನ ತೊಟ್ಟಿಯಲ್ಲಿಟ್ಟು, ಉಪ್ಪುನೀರನ್ನೂ ಬೆಳಕನ್ನೂ ಒದಗಿಸಿ ಸಾಕುವ ಹವ್ಯಾಸವು ಸಮುದ್ರದಿಂದ ದೂರವಾದ ಊರುಗಳಿಗೂ ಬಂದು ಮುಟ್ಟಿದೆ. ತೊಟ್ಟಿಯನ್ನು ಕಟ್ಟುವ ವಿಧಾನವನ್ನು ನಾವಿಲ್ಲಿ ವಿವರಿಸಹೊರಟಿಲ್ಲ. ಹವಳವು ಮನೆಗೆ ಬಂದ ಮೊದಲ ಒಂದೂವರೆ ತಿಂಗಳಲ್ಲಿ ಅದನ್ನು ಹೇಗೆ ನೋಡಿಕೊಳ್ಳತಕ್ಕದ್ದೆಂಬುದಷ್ಟೇ ನಮ್ಮ ವಿಷಯ. ಅದು ಉಳಿಯುವುದೋ ಅಳಿಯುವುದೋ ಬಹುಮಟ್ಟಿಗೆ ಈ ಅವಧಿಯಲ್ಲಿಯೇ ನಿಶ್ಚಯವಾಗುತ್ತದೆ. ಅಳಿದರೆ ಅದಕ್ಕೆ ಕಾರಣವಾಗಿರುವುದು ಅನೇಕ ವೇಳೆ ಯಜಮಾನನ ಅತಿಯಾದ ಅಕ್ಕರೆಯೇ.

ಸಾಕುವ ಜೀವದ ಸ್ವಭಾವವನ್ನು ಮೊದಲು ಅರಿತುಕೊಳ್ಳುವುದು ಲೇಸು. ಯೂರೋಪಿನ ಪಂಡಿತರು ಬಹುಕಾಲ ಹವಳವನ್ನು ಗಿಡವೆಂದೇ ಎಣಿಸಿದ್ದರು. 18ನೆಯ ಶತಮಾನದ ಪೂರ್ವಾರ್ಧದಲ್ಲಿ ಫ್ರಾನ್ಸ್ ದೇಶದ ಪೆಯ್ಸೊನೆಲ್ ಎಂಬ ವೈದ್ಯನು, ಅದರ ಮೇಲೆ ಅರಳುವವು ಹೂವುಗಳಲ್ಲ, ಸಣ್ಣ ಪ್ರಾಣಿಗಳು ಎಂದು ಸಾರಿದಾಗ ವಿದ್ವಾಂಸರು ಅವನ ಮಾತಿಗೆ ಕಿವಿಗೊಡಲಿಲ್ಲ. ಆದರೆ ಅವನ ಮಾತೇ ನಿಜವಾಯಿತು. ನಾವು ಒಂದು ಹವಳವೆಂದು ಕೊಳ್ಳುವ ತುಂಡು ಹೆಚ್ಚಾಗಿ ಒಂದು ಪ್ರಾಣಿಯಾಗಿರದೆ ಒಂದು ಅವಿಭಕ್ತ ಕುಟುಂಬವಾಗಿರುತ್ತದೆ. ಪಾಲಿಪ್ ಎಂಬ ಹೆಸರಿನ, ಬಾಯಿಯ ಸುತ್ತ ಎಳೆಗೈಗಳುಳ್ಳ ನೂರಾರು ಜೀವಿಗಳು ಒಂದೇ ಮೈಯಾಗಿ ಕೂಡಿಕೊಂಡಿರುತ್ತವೆ. ಇವುಗಳ ಮಾಂಸದ ಒಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಯ ಕಣಗಳು ಬಿಡಾರ ಮಾಡಿಕೊಂಡಿವೆ. ಅವು ಬೆಳಕಿನಿಂದ ಆಹಾರವನ್ನು ತಯಾರಿಸಿ, ಅದರಲ್ಲಿ ದೊಡ್ಡ ಪಾಲನ್ನು ಮನೆಯೊಡೆಯನಿಗೆ ಬಾಡಿಗೆಯಾಗಿ ಸಲ್ಲಿಸುತ್ತವೆ. ಹವಳದ ಕಂದು, ಹಸುರು ಛಾಯೆಗಳಲ್ಲಿ ಇವುಗಳ ಪಾಲು ಬಹಳ. ನೀರು ವಿಪರೀತ ಕಾಯ್ದರೆ, ಅಥವಾ ಬೆಳಕು ಒಮ್ಮೆಲೇ ಹೆಚ್ಚಿದರೆ, ಈ ಬಾಡಿಗೆಯ ವ್ಯವಹಾರವು ಕೆಟ್ಟು ಪಾಚಿಯು ಹೊರಬೀಳುತ್ತದೆ. ಹವಳವು ಬಿಳಿಚಿಕೊಂಡು, ಉಪವಾಸದಿಂದ ಕ್ಷೀಣಿಸುತ್ತದೆ. 2024ರಲ್ಲಿ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ವಿಸ್ತಾರವಾಗಿ ನಡೆದುದು ಇದೇ. ಸಮುದ್ರದಲ್ಲಿ ಅಂತಹ ಬೇಗೆಯು ವಾರಗಟ್ಟಲೆ ಕೂಡಿಬರಬೇಕು. ಮನೆಯ ತೊಟ್ಟಿಯಲ್ಲಾದರೋ ಚೈತ್ರ ವೈಶಾಖದ ನಾಲ್ಕು ಮಧ್ಯಾಹ್ನಗಳು ಸಾಕು.

ಇನ್ನು ಯಾವ ಹವಳವನ್ನು ತರಬಹುದೆಂಬ ಪ್ರಶ್ನೆ. ಇದನ್ನು ಅಂಗಡಿಗೆ ಹೋಗುವ ಮೊದಲೇ ಬಗೆಹರಿಸಿಕೊಳ್ಳತಕ್ಕದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪರಿಶಿಷ್ಟದಲ್ಲಿ, ಎಂದರೆ ಹುಲಿ ಆನೆಗಳ ಪಂಕ್ತಿಯಲ್ಲಿಯೇ, 2001ರಲ್ಲಿ ಹವಳಗಳನ್ನೂ ಸೇರಿಸಲಾಯಿತು. ಸುಣ್ಣದ ಗಟ್ಟಿ ಎಲುಬನ್ನು ಕಟ್ಟುವ ಕಲ್ಲುಹವಳಗಳೆಲ್ಲವೂ, ಕಪ್ಪು ಹವಳ, ಬೆಂಕಿ ಹವಳ, ಕೊಳಲಿನ ಸಾಲಿನಂತಿರುವ ಆರ್ಗನ್ ಪೈಪ್ ಹವಳ, ಬೀಸಣಿಗೆಯಾಕಾರದ ಕಡಲಬೀಸಣಿಗೆ, ಇವು ಅದರಲ್ಲಿ ಹೆಸರಿಸಲ್ಪಟ್ಟಿವೆ. ಮೊದಲನೆಯ ಪರಿಶಿಷ್ಟದ ಪ್ರಾಣಿಗಳ ವಿಷಯದಲ್ಲಿ ತಪ್ಪು ನಡೆದರೆ 3ರಿಂದ 7 ವರ್ಷಗಳ ಸೆರೆವಾಸವೂ ಜುಲ್ಮಾನೆಯೂ ಉಂಟು. ಒಣಗಿದ ಬಿಳಿಯ ಹವಳವನ್ನು ಯಾತ್ರೆಯಿಂದ ತಂದು ಗೂಡಿನಲ್ಲಿ ಶೋಭೆಗಾಗಿ ಇಡುವವರಿಗೂ ಈ ಮಾತು ಅನ್ವಯಿಸುತ್ತದೆ. ಆದುದರಿಂದ ಅಂಗಡಿಯವನು ಎಷ್ಟೇ ಬಣ್ಣಿಸಲಿ, ಕಲ್ಲುಹವಳದ ಗೋಜಿಗೆ ಗೃಹಸ್ಥನು ಹೋಗಕೂಡದು. ನಮ್ಮ ಉತ್ತರ ಕನ್ನಡದ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಜೀವಂತ ಹವಳವುಂಟು. ಅಲ್ಲಿ ನೀರಿಗಿಳಿದು ಕಣ್ಣಾರೆ ನೋಡಿ ಬರಬಹುದು, ಕೈಯಿಂದ ಮುಟ್ಟಲಾಗದು. ಇಳಿತದ ವೇಳೆಯಲ್ಲಿ ಗೋವೆಯ ಕಡೆಯ ಬಂಡೆಗಳ ಮೇಲೆ ಗುಂಡಿಯಾಕಾರದ ಮೃದುಜೀವಿಗಳು ಹಾಸಿಕೊಂಡಿರುವುದನ್ನು ಕಾಣಬಹುದು. ಅವನ್ನೂ ಕಿತ್ತು ತರುವುದು ಸಲ್ಲದು.

ಹಾಗಾದರೆ ಉಳಿದುದು ಯಾವುದು? ಗಟ್ಟಿ ಎಲುಬಿಲ್ಲದ ಮೃದುಜಾತಿಗಳು. ಪೇಟೆಯಲ್ಲಿ ಲೆದರ್ ಎಂದು ಕರೆಯುವ, ತೊಗಲಿನಂತಹ ಮೈಯ ಹವಳ. ಮಶ್‌ರೂಮ್ ಎಂಬ ಅಣಬೆಯಾಕಾರದ್ದು. ಝೋವಾ ಎಂಬ ಗುಂಡಿಗಳ ಗೊಂಚಲು. ಹೊಸಬನಿಗೆ ತಕ್ಕವು ಇವೇ, ಇವು ಸಹನಶೀಲವಾದವು. ಇವುಗಳನ್ನು ಕೊಳ್ಳುವಾಗಲೂ ಎಲ್ಲಿಂದ ಬಂತು, ತೊಟ್ಟಿಯಲ್ಲಿ ಬೆಳೆಸಿದ ತುಂಡೋ ಸಮುದ್ರದಿಂದ ಕಿತ್ತದ್ದೋ ಎಂದು ಕೇಳಿ, ಜಾತಿಯ ಹೆಸರುಳ್ಳ ರಸೀತಿಯನ್ನು ಪಡೆಯತಕ್ಕದ್ದು. ಸಂಶಯವಿದ್ದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದರಲ್ಲಿ ಸಂಕೋಚವೇನೂ ಬೇಡ. ರಸೀತಿ ಕೊಡಲೊಲ್ಲದ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗುವುದೇ ಲಾಭ.

ಈಗ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿಯುವ ಗೃಹಸ್ಥನೊಬ್ಬನು ಇಂತಹ ಒಂದು ಲೆದರ್ ಹವಳವನ್ನು ತರಿಸಿದನೆಂದು ಇಟ್ಟುಕೊಳ್ಳೋಣ. ಪುಣೆ ಬೆಂಗಳೂರು ಹೆದ್ದಾರಿಯ ಮಗ್ಗುಲಿನ ಈ ಸ್ಥಳವು ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ. ಕಾರವಾರದ ಕಡಲು ಇಲ್ಲಿಗೆ ಸುಮಾರು 150 ಕಿಲೋಮೀಟರು. ಹೀಗಿರುವಾಗ ಕಡಲ ನೀರನ್ನೇ ಡಬ್ಬಿಗಳಲ್ಲಿ ತುಂಬಿ ತರಬಾರದೇಕೆ ಎಂದು ಕೆಲವರಿಗೆ ತೋರಬಹುದು. ದಡದ ನೀರು ಮಳೆಗಾಲದಲ್ಲಿ ಹೊಳೆಗಳು ಸೇರಿ ತೆಳ್ಳಗಾಗುತ್ತದೆ. ದೋಣಿಗಳ ಎಣ್ಣೆಯೂ ಊರಿನ ಕೊಳೆಯೂ ಅದರಲ್ಲಿ ಬೆರೆತಿರುತ್ತವೆ. ಆದಕಾರಣ ಮನೆಯಲ್ಲಿಯೇ ನೀರನ್ನು ಸಿದ್ಧಪಡಿಸುವುದು ಮೇಲು. ಅಡಿಗೆಯ ಉಪ್ಪಿನಿಂದ ಈ ಕೆಲಸವಾಗದು. ಸಮುದ್ರದ ಉಪ್ಪಿನಲ್ಲಿ ಸೋಡಿಯಮ್ಮಿನ ಜೊತೆಗೆ ಮೆಗ್ನೀಸಿಯಮ್, ಕ್ಯಾಲ್ಸಿಯಮ್, ಪೊಟ್ಯಾಸಿಯಮ್ ಮೊದಲಾದವು ತಕ್ಕ ಪ್ರಮಾಣದಲ್ಲಿವೆ. ಅದೇ ಪ್ರಮಾಣದಲ್ಲಿ ಕೂಡಿಸಿದ ಅಕ್ವೇರಿಯಮ್ ಉಪ್ಪು ಪೇಟೆಯಲ್ಲಿ ದೊರೆಯುತ್ತದೆ. ಒಂದು ಸಾವಿರ ಪಾಲು ನೀರಿನಲ್ಲಿ 35 ಪಾಲು ಉಪ್ಪು, ಎಂದರೆ ಸಾಂದ್ರತೆಯು 1.025ರಿಂದ 1.026, ಇದೇ ಕಡಲಿನ ಹದ. ಅಳೆಯಲು ರಿಫ್ರಾಕ್ಟೋಮೀಟರು ಎಂಬ ಸಣ್ಣ ದುರ್ಬೀನು ಬೇಕು. ನಾಲಗೆಯ ರುಚಿಯನ್ನು ನೆಚ್ಚುವುದು ಸಾರಿಗೆ ಸರಿ, ಹವಳಕ್ಕೆ ಸರಿಯಲ್ಲ.

ಉಪ್ಪನ್ನು ಕಲಸುವ ನೀರು ಯಾವುದು? ಅವಳಿ ನಗರಕ್ಕೆ ಬರುವ ಮಲಪ್ರಭೆಯ ನಳದ ನೀರು ನಮಗೆ ಕುಡಿಯಲು ಯೋಗ್ಯವೇ ಹೌದು. ಆದರೆ ಅದರಲ್ಲಿರುವ ಕ್ಲೋರಿನ್ನು ತೊಟ್ಟಿಯ ಜೀವಿಗಳಿಗೆ ವಿಷ. ಕೊಳವೆ ಬಾವಿಯ ನೀರಿನಲ್ಲಿಯಾದರೋ ಕರಗಿದ ಲವಣಗಳು ಹೆಚ್ಚು. ಆದುದರಿಂದ ಆರ್.ಓ. ಯಂತ್ರದಿಂದ ಸೋಸಿ, ಅನಂತರ ಡಿ.ಐ. ರಾಳದ ಕೊಳವೆಯಿಂದ ಹಾಯಿಸಿ, ಟಿ.ಡಿ.ಎಸ್. ಮಾಪಕವು ಸೊನ್ನೆಯನ್ನು ತೋರಿಸುವ ನೀರನ್ನೇ ಉಪಯೋಗಿಸಬೇಕು. ಕುಡಿಯುವ ನೀರಿನ ಯಂತ್ರಗಳು ಅನೇಕವು ರುಚಿಗಾಗಿ ಲವಣಗಳನ್ನು ಮತ್ತೆ ಕೂಡಿಸುತ್ತವೆ. ಕೆಲವು ಜಾಹೀರಾತುಗಳು ತಾಮ್ರವನ್ನೂ ಕೂಡಿಸುವೆವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಅಂತಹ ನೀರು ಹವಳಕ್ಕೆ ಬಂತೆಂದರೆ ಮುಗಿಯಿತು.

ತಾಮ್ರದ ವಿಷಯದಲ್ಲಿ ನಾವು ಸ್ವಲ್ಪ ನಿಂತು ಹೇಳುವುದು ಅವಶ್ಯ. ಮನುಷ್ಯನಿಗೆ ತಾಮ್ರದ ಚೊಂಬಿನ ನೀರು ಹಿತವೆಂದು ಹಿರಿಯರು ಹೇಳುತ್ತಾರೆ. ಹವಳ, ಸೀಗಡಿ, ಶಂಖದ ಹುಳುಗಳಿಗೆ ಅದು ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ. ಮೀನಿನ ರೋಗಕ್ಕೆ ಮೈಲುತುತ್ತವುಳ್ಳ ಔಷಧಿಯನ್ನು ಹಾಕಿದ ತೊಟ್ಟಿಯಲ್ಲಿ ಹವಳವನ್ನು ಇಡುವುದು ಅಪಾಯಕರವಾಗಿರುವುದು ಇದರಿಂದಲೇ. ನಮ್ಮ ಗೃಹಸ್ಥನು ಲೇಥಿನ ಮುಂದೆ ಹಿತ್ತಾಳೆ ಕೊರೆಯುವವನಾಗಿದ್ದರೆ, ಅಥವಾ ಬಣ್ಣ, ಥಿನ್ನರು, ಯಂತ್ರದ ಎಣ್ಣೆ ಇವುಗಳಲ್ಲಿ ಕೈಯಾಡಿಸಿ ಬರುವವನಾಗಿದ್ದರೆ, ಮನೆಗೆ ಬಂದೊಡನೆ ತೊಟ್ಟಿಯಲ್ಲಿ ಕೈ ಅದ್ದುವುದನ್ನು ಬಿಡತಕ್ಕದ್ದು. ಮೊಣಕೈವರೆಗೆ ತೊಳೆದು, ಸಾಬೂನಿನ ಅಂಶವೂ ಉಳಿಯದಂತೆ ಮತ್ತೊಮ್ಮೆ ಬರಿಯ ನೀರಿನಿಂದ ತೊಳೆದುಕೊಂಡ ಮೇಲೆಯೇ ಅದಕ್ಕೆ ಕೈಹಾಕಬೇಕು. ಗಾಳಿಯ ಪಂಪು ಕೋಣೆಯ ಗಾಳಿಯನ್ನೇ ನೀರಿನೊಳಕ್ಕೆ ತಳ್ಳುವುದರಿಂದ, ಸೊಳ್ಳೆಗೆ ಹೊಡೆಯುವ ಔಷಧಿ, ಗೋಡೆಗೆ ಬಳಿದ ಹೊಸ ಬಣ್ಣದ ವಾಸನೆ, ಊದುಬತ್ತಿಯ ದಟ್ಟ ಹೊಗೆ ಇವೆಲ್ಲ ಅಲ್ಲಿಗೆ ತಲಪುತ್ತವೆ. ತೊಟ್ಟಿಯು ದೇವರ ಕೋಣೆಯಿಂದ ದೂರವಿದ್ದಷ್ಟೂ ಕ್ಷೇಮ; ದೇವರು ಇದರಿಂದ ಮುನಿಯಲಾರನು.

ಹವಳ ಬರುವುದಕ್ಕಿಂತ ಮುಂಚೆಯೇ ತೊಟ್ಟಿಯು ಹಳತಾಗಿರಬೇಕು. ಮೀನಿನ ಮಲಮೂತ್ರಗಳಿಂದ ಹುಟ್ಟುವ ಅಮೋನಿಯಾ ಎಂಬ ವಿಷವನ್ನು ನೈಟ್ರೈಟಾಗಿಯೂ ಅನಂತರ ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲುಗಳ ಮೇಲೆ ನೆಲಸುವುದಕ್ಕೆ ನಾಲ್ಕಾರು ವಾರಗಳು ಹಿಡಿಯುತ್ತವೆ. ಮೊದಲೆರಡರ ಪರೀಕ್ಷೆಯು ಸೊನ್ನೆಗೆ ಬಂದ ಮೇಲೆಯೂ ಎರಡು ಮೂರು ತಿಂಗಳು ಕಾದವನು ಕೆಡುವುದಿಲ್ಲ.

ಬರುವ ದಿನದ ಕ್ರಮವನ್ನು ಹೇಳೋಣ. ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ರಾತ್ರಿಯ ಬಸ್ಸಿನಲ್ಲಿ ಬಂದ ಪ್ಲಾಸ್ಟಿಕ್ ಚೀಲವನ್ನು ಮೊದಲು ಕೋಣೆಯ ದೀಪ ಆರಿಸಿ ಬಿಚ್ಚಬೇಕು. ರಾತ್ರಿಯೆಲ್ಲ ಕತ್ತಲೆಯಲ್ಲಿದ್ದ ಜೀವಕ್ಕೆ ಒಮ್ಮೆಲೇ ಬೆಳಕು ಆಘಾತವಾಗುತ್ತದೆ. ಕಟ್ಟಿದ ಚೀಲವನ್ನು ಹಾಗೆಯೇ ತೊಟ್ಟಿಯ ನೀರಿನ ಮೇಲೆ 15ರಿಂದ 20 ನಿಮಿಷ ತೇಲಿಬಿಟ್ಟರೆ ಎರಡರ ಉಷ್ಣತೆಯೂ ಸಮವಾಗುತ್ತದೆ. ಆಮೇಲೆ ಚೀಲದ ನೀರನ್ನೂ ಹವಳವನ್ನೂ ಒಂದು ಸ್ವಚ್ಛವಾದ ಡಬ್ಬಿಗೆ ಬಗ್ಗಿಸಿ, ಸಣ್ಣ ನಳಿಗೆಯಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಬಿಡುತ್ತ ಅರ್ಧ ಗಂಟೆಯಲ್ಲಿ ಎರಡು ಪಟ್ಟಾಗುವಂತೆ ಮಾಡಬೇಕು. ನಿಧಾನವೇ ಒಳ್ಳೆಯದೆಂದು ಮೂರು ನಾಲ್ಕು ಗಂಟೆ ಎಳೆಯುವವರುಂಟು. ಇದು ಹಿತವಲ್ಲ. ಮುಚ್ಚಿದ ಚೀಲದಲ್ಲಿ ಕೂಡಿದ ಇಂಗಾಲಾಮ್ಲವು ಅಮೋನಿಯಾದ ಹಲ್ಲನ್ನು ಮುರಿದಿರುತ್ತದೆ. ಚೀಲ ಬಿಚ್ಚಿದೊಡನೆ ಅದು ಹಾರಿಹೋಗಿ ಅಮೋನಿಯಾ ಮತ್ತೆ ಕಚ್ಚತೊಡಗುತ್ತದೆ. ಆ ಚೀಲದ ನೀರಿನ ಒಂದು ತೊಟ್ಟೂ ನಮ್ಮ ತೊಟ್ಟಿಗೆ ಬೀಳಬಾರದು.

ಬಳಿಕ ಸ್ನಾನ. ತೊಟ್ಟಿಯಿಂದಲೇ ತೆಗೆದ ನೀರಿಗೆ ಅಯೊಡಿನ್ ಬೆರೆತ ಹವಳದ ಮದ್ದನ್ನು ಸೀಸೆಯ ಮೇಲೆ ಹೇಳಿದ ಪ್ರಮಾಣದಲ್ಲಿ ಕೂಡಿಸಿ, ಹೇಳಿದಷ್ಟೇ ನಿಮಿಷ ಹವಳವನ್ನು ಅದ್ದಿಟ್ಟು ಮೆಲ್ಲಗೆ ಅಲುಗಿಸಿದರೆ ಚಪ್ಪಟೆ ಹುಳುಗಳೂ ಹವಳ ತಿನ್ನುವ ಗೊಂಡೆಹುಳುಗಳೂ ಕೆಳಗೆ ಬೀಳುತ್ತವೆ. ಅವುಗಳ ಮೊಟ್ಟೆಗಳು ಈ ಸ್ನಾನಕ್ಕೆ ಜಗ್ಗುವುದಿಲ್ಲ. ಆದುದರಿಂದ ಬುಡದ ಕಲ್ಲಿನ ಬಿಲ್ಲೆಯನ್ನು ಚೆನ್ನಾಗಿ ಪರೀಕ್ಷಿಸಿ, ಮೊಟ್ಟೆ ಕಂಡರೆ ಕೆರೆದು ತೆಗೆದು, ವಾರದ ತರುವಾಯ ಇನ್ನೊಮ್ಮೆ ಸ್ನಾನ ಮಾಡಿಸುವುದು ಕ್ರಮ. ಅನುಕೂಲವುಳ್ಳವರು ಹೊಸ ಹವಳವನ್ನು ಆರು ವಾರ ಬೇರೆಯೊಂದು ಸಣ್ಣ ತೊಟ್ಟಿಯಲ್ಲಿಟ್ಟು ನೋಡಿ ಆಮೇಲೆ ಮನೆಮಂದಿಯೊಡನೆ ಸೇರಿಸಿದರೆ ಇನ್ನೂ ಮೇಲು.

ಇಲ್ಲಿ ಗೃಹಿಣಿಯರ ಗಮನವನ್ನು ಒಂದು ಘೋರವಾದ ಅಪಾಯದ ಕಡೆಗೆ ಸೆಳೆಯಬೇಕಾಗಿದೆ. ಝೋವಾ ಎಂದು ಮಾರುವ ಗುಂಡಿಹವಳಗಳಲ್ಲಿ ಕೆಲವು ಜಾತಿಗಳು ಪಾಲಿಟಾಕ್ಸಿನ್ ಎಂಬ ವಿಷವನ್ನು ಧರಿಸಿರುತ್ತವೆ. 1971ರಲ್ಲಿ ಹವಾಯಿ ದ್ವೀಪದ ಇಂತಹ ಜೀವಿಯಿಂದಲೇ ಅದನ್ನು ಮೊದಲು ಬೇರ್ಪಡಿಸಿದುದು. ಪ್ರಕೃತಿಯಲ್ಲಿರುವ ಅತ್ಯುಗ್ರ ವಿಷಗಳಲ್ಲಿ ಅದೊಂದು. ತೊಟ್ಟಿಯಲ್ಲಿ ಸುಮ್ಮನಿರುವಾಗ ಅದು ಯಾರನ್ನೂ ಕಾಡುವುದಿಲ್ಲ. ಆದರೆ ಕಲ್ಲಿಗೆ ಅಂಟಿದ ಈ ಜೀವಿಗಳನ್ನು ತೆಗೆಯಲೆಂದು ಕುದಿಯುವ ನೀರು ಹೊಯ್ದರೆ, ಬ್ರಶ್ಶಿನಿಂದ ಗಸಗಸನೆ ತಿಕ್ಕಿದರೆ, ವಿಷವು ಹಬೆಯೊಡನೆ, ತುಂತುರಿನೊಡನೆ ಗಾಳಿಗೆ ಸೇರುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರಿನಲ್ಲಿ ತೊಟ್ಟಿಯನ್ನು ಶುಚಿಮಾಡಿದ ಒಂದು ಮನೆಯವರೆಲ್ಲರೂ, ಸಹಾಯಕ್ಕೆ ಬಂದ ಅಗ್ನಿಶಾಮಕ ದಳದ ಕೆಲವರೂ ಆಸ್ಪತ್ರೆ ಸೇರಬೇಕಾಯಿತು. ಕೈಗವಸು, ಕಣ್ಣಿಗೆ ಕನ್ನಡಕ ಇವಿಲ್ಲದೆ ಝೋವಾವನ್ನು ಮುಟ್ಟಬಾರದು. ಕೈಯಲ್ಲಿ ಗಾಯವಿದ್ದರೆ ಆ ದಿನ ಆ ಕೆಲಸವನ್ನೇ ಬಿಡಬೇಕು. ಹವಳದ ಸ್ನಾನಕ್ಕೆ ಬಳಸಿದ ಪಾತ್ರೆಯನ್ನು ಅಡಿಗೆಯ ಮನೆಗೆ ಎಂದಿಗೂ ತರಕೂಡದು. ಅದಕ್ಕೆ ಗುರುತು ಹಾಕಿ ಬೇರೆಯೇ ಇಡಬೇಕು. ಅಂಬೆಗಾಲಿಡುವ ಕೂಸಿರುವ ಮನೆಯಲ್ಲಿ ಝೋವಾ ಬೇಡವೆಂದೇ ನಮ್ಮ ಸಲಹೆ. ಲೆದರ್ ಮತ್ತು ಮಶ್‌ರೂಮ್ ಇರುವಾಗ ಆ ಮನೆಗೆ ಶೋಭೆಯ ಕೊರತೆಯಾಗದು.

ಸ್ನಾನವಾದ ಹವಳವನ್ನು ತೊಟ್ಟಿಯ ತಳದಲ್ಲಿ, ದೀಪದ ನೇರ ಬೆಳಕು ಬೀಳದ ಮೂಲೆಯಲ್ಲಿ ಇಡತಕ್ಕದ್ದು. ಅಲ್ಲಿಂದ ಎರಡು ಮೂರು ವಾರಗಳಲ್ಲಿ ಮೆಟ್ಟಲು ಮೆಟ್ಟಲಾಗಿ ಅದರ ಖಾಯಂ ಸ್ಥಳಕ್ಕೆ ಏರಿಸಬೇಕು. ನೀರಿನ ಸೆಳವು ಮೆಲ್ಲಗೆ ತಾಗುತ್ತಿರಬೇಕು. ಮುಖಕ್ಕೆ ಹೊಡೆಯುವಂತೆ ಪಂಪನ್ನು ತಿರುಗಿಸಬಾರದು. ನೆರೆಹೊರೆಯೂ ಮುಖ್ಯ. ಸಾಧುವಾಗಿ ಕಾಣುವ ಲೆದರ್ ಹವಳವು ತನ್ನ ಸುತ್ತಲಿನವರನ್ನು ಹಿಮ್ಮೆಟ್ಟಿಸಲು ನೀರಿನಲ್ಲಿ ತೀಕ್ಷ್ಣ ರಸಗಳನ್ನು ಬಿಡುತ್ತದೆ. ಆದುದರಿಂದ ಎರಡು ಜಾತಿಗಳ ನಡುವೆ ಒಂದು ಗೇಣಾದರೂ ಅಂತರವಿರಲಿ. ಸೋಸುವ ಪೆಟ್ಟಿಗೆಯಲ್ಲಿ ಒಂದು ಚೀಲ ಸಕ್ರಿಯ ಇದ್ದಿಲಿದ್ದರೆ ಈ ರಸಗಳನ್ನು ಅದು ಹೀರಿಕೊಳ್ಳುತ್ತದೆ.

ಇಲ್ಲಿಂದ ಮುಂದೆ ಯಜಮಾನನ ಪರೀಕ್ಷೆ. ಮೊದಲ ಕೆಲವು ದಿನ ಹವಳವು ಮುದುಡಿಕೊಂಡೇ ಇರುತ್ತದೆ. ಲೆದರ್ ಜಾತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾಲಿಪುಗಳನ್ನೆಲ್ಲ ಒಳಗೆಳೆದುಕೊಂಡು, ಮೈಮೇಲೆ ಮೇಣದಂತಹ ಪೊರೆಯನ್ನು ಕಟ್ಟಿಕೊಂಡು ವಾರ ಹತ್ತು ದಿನ ಸತ್ತಂತೆ ನಿಲ್ಲುತ್ತದೆ. ಅದು ಹಾವು ಪೊರೆ ಬಿಡುವಂತೆ ಮೇಲಿನ ಪೊರೆಯನ್ನು ಕಳಚುವ ರೀತಿ. ಪೊರೆಯ ಜೊತೆಗೆ ಅಂಟಿದ ಪಾಚಿ ಕೊಳೆಗಳೂ ಹೋಗುತ್ತವೆ. ಇದನ್ನರಿಯದ ಯಜಮಾನನು ಕಳವಳಗೊಂಡು ಬೆಳಗಿಗೊಂದು ಜಾಗ, ಸಂಜೆಗೊಂದು ಜಾಗ ಬದಲಿಸುತ್ತಾನೆ; ದೀಪ ಹೆಚ್ಚಿಸುತ್ತಾನೆ, ತಗ್ಗಿಸುತ್ತಾನೆ; ಅಂಗಡಿಗೆ ಓಡಿ ಸೀಸೆಯ ಮೇಲೆ ಸೀಸೆ ಮದ್ದು ತಂದು ಸುರಿಯುತ್ತಾನೆ. ಹೊಸದಾಗಿ ಮನೆಗೆ ಬಂದ ಸೊಸೆಯು ಮೊದಲ ವಾರ ಮಾತು ಕಡಿಮೆಯಾಡಿದರೆ, ಅವಳನ್ನು ದಿನಕ್ಕೊಂದು ಕೋಣೆಗೆ ಕಳುಹಿಸಿ, ಗಳಿಗೆಗೊಮ್ಮೆ ಯೋಗಕ್ಷೇಮ ವಿಚಾರಿಸುವ ಅತ್ತೆಯನ್ನು ನಾವು ಮೆಚ್ಚುವೆವೇ? ಇಟ್ಟ ಸ್ಥಳದಲ್ಲಿ ಎರಡು ವಾರ ಬಿಡದೆ ಹವಳಕ್ಕೆ ಅದು ಹಿತವೋ ಅಹಿತವೋ ತಿಳಿಯುವಂತಿಲ್ಲ. ಕೈ ತಡೆಯಲಾರದವನು ಒಂದು ಪುಸ್ತಕವಿಟ್ಟು ದಿನವೂ ಉಷ್ಣತೆ, ಉಪ್ಪಿನ ಹದ, ಹವಳದ ರೂಪ ಇಷ್ಟನ್ನು ಬರೆದಿಡಲಿ. ಕಳವಳಕ್ಕೆ ಅದೊಂದು ಉದ್ಯೋಗವಾಗುತ್ತದೆ.

ಆದರೆ ನಿಜವಾದ ಕೇಡಿನ ಗುರುತುಗಳೂ ಉಂಟು. ಮಾಂಸವು ಕರಗಿ ಎಳೆಎಳೆಯಾಗಿ ಬಿಡುವುದು, ಕಂದು ಲೋಳೆ ಕಟ್ಟುವುದು, ಹತ್ತಿರ ತಂದರೆ ಕೊಳೆತ ಮೊಟ್ಟೆಯ ನಾತ ಬರುವುದು, ಇವು ಕಂಡರೆ ತಡಮಾಡದೆ ಬೇರ್ಪಡಿಸಿ ಕೊಳೆತ ಭಾಗವನ್ನು ಕೊಯ್ದು ತೆಗೆಯಬೇಕು. ಉಳಿದ ತುಂಡು ಚೇತರಿಸಿಕೊಳ್ಳುವುದುಂಟು.

ನಮ್ಮ ಸೀಮೆಯಲ್ಲಿ ಎರಡು ವೈರಿಗಳು ವಿಶೇಷ. ಒಂದು, ಬೇಸಗೆಯ ಒಣಗಾಳಿ. ತೊಟ್ಟಿಯ ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್ಸಿನೊಳಗಿರಬೇಕು. ಹೊರಗೆ ಏಪ್ರಿಲ್ ತಿಂಗಳಲ್ಲಿ 36, 37ರ ಬಿಸಿಲು. ನೀರಿನ ಮೇಲೆ ಸಣ್ಣ ಫ್ಯಾನು ಹಾಯಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಮಣ್ಣಿನ ಹೂಜಿಯ ನೀರು ತಣ್ಣಗಾಗುವ ನ್ಯಾಯದಿಂದಲೇ. ಹೀಗೆ ಆರಿಹೋಗುವುದು ನೀರು ಮಾತ್ರ. ಉಪ್ಪು ಹಿಂದೆ ಉಳಿದು ಹದವೇರುತ್ತದೆ. ಆದಕಾರಣ ಕಡಿಮೆಯಾದಷ್ಟನ್ನು ದಿನವೂ ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರಿನಿಂದಲ್ಲ. ಎರಡನೆಯ ವೈರಿ, ವಿದ್ಯುತ್ತು ಹೋಗುವುದು. ಬೆಳಕಿಲ್ಲದೆ ಹವಳ ಒಂದೆರಡು ದಿನ ತಾಳುತ್ತದೆ. ನೀರಿನ ಚಲನೆ ನಿಂತರೆ, ಅದರಲ್ಲಿಯೂ ರಾತ್ರಿಯಲ್ಲಿ, ಪ್ರಾಣವಾಯು ತೀರಿ ಕೆಲವೇ ಗಂಟೆಗಳಲ್ಲಿ ಮೀನೂ ಹವಳವೂ ಕೂಡಿ ಸಾಯಬಹುದು. ದೀಪವನ್ನು ಬಿಟ್ಟು, ನೀರು ತಿರುಗಿಸುವ ಪಂಪೊಂದನ್ನಾದರೂ ಇನ್ವರ್ಟರಿಗೆ ಜೋಡಿಸಿಡತಕ್ಕದ್ದು. ಉಪ್ಪುನೀರೂ ವಿದ್ಯುತ್ತೂ ಒಂದೇ ಮೂಲೆಯಲ್ಲಿರುವುದರಿಂದ ಆರ್.ಸಿ.ಸಿ.ಬಿ. ಎಂಬ ರಕ್ಷಕ ಗುಂಡಿಯನ್ನು ಹಾಕಿಸುವುದು ಹವಳಕ್ಕಿಂತ ಮೊದಲು ಮಾಡಿಸಬೇಕಾದ ಕೆಲಸ.

ಊಟದ ಚಿಂತೆ ಹೆಚ್ಚು ಬೇಡ. ಮೊದಲ ವಾರ ಏನೂ ಕೊಡದಿದ್ದರೂ ನಡೆಯುತ್ತದೆ. ಆಮೇಲೆ ವಾರಕ್ಕೊಮ್ಮೆ ಸೂಕ್ಷ್ಮವಾದ ಆಹಾರ, ಅದೂ ಚಿಟಿಕೆಯಷ್ಟು. ತಿನ್ನದೆ ಉಳಿದುದೆಲ್ಲ ಕೊಳೆತು ಪಾಚಿಗೆ ಗೊಬ್ಬರವಾಗುತ್ತದೆ.

ಆರು ವಾರ ಕಳೆದು, ಹವಳವು ಬೆಳಗಿನ ದೀಪಕ್ಕೆ ಅರಳಿ ರಾತ್ರಿಗೆ ಮುದುಡುವ ದಿನಚರಿಗೆ ಬಂತೆಂದರೆ ಅದು ಮನೆಗೆ ಹೊಂದಿಕೊಂಡಿತೆನ್ನಬಹುದು. ಮಶ್‌ರೂಮ್ ಜಾತಿಯು ತಾನಾಗಿಯೇ ಎರಡಾಗಿ ಒಡೆದು ಮರಿ ಹಾಕುತ್ತದೆ; ಲೆದರ್ ಹವಳದ ಅಂಚನ್ನು ಹರಿತವಾದ ಅಲಗಿನಿಂದ ಕೊಯ್ದು ಕಲ್ಲಿಗೆ ಕಟ್ಟಿದರೆ ಅದು ಇನ್ನೊಂದು ಹವಳವಾಗುತ್ತದೆ. ಹೀಗೆ ಹೆಚ್ಚಿದುದನ್ನು ಇನ್ನೊಬ್ಬ ಹವ್ಯಾಸಿಗೆ ಕೊಡಬೇಕೇ ಹೊರತು, ಕಾರವಾರಕ್ಕೆ ಹೋದಾಗ ಕಡಲಿಗೆ ಬಿಟ್ಟುಬರುವುದು ಪುಣ್ಯಕಾರ್ಯವಲ್ಲ; ಪರಸ್ಥಳದ ಜೀವವೂ ಅದರ ಜೊತೆಗಿನ ರೋಗವೂ ಅಲ್ಲಿನ ಜೀವಿಗಳಿಗೆ ಪೀಡೆಯಾಗಬಹುದು. ವಾರವಾರವೂ ತೊಟ್ಟಿಯಿಂದ ತೆಗೆದು ಬದಲಿಸುವ ಹತ್ತನೆಯ ಒಂದು ಪಾಲು ಹಳೆಯ ನೀರನ್ನು ಬಚ್ಚಲಿಗೆ ಚೆಲ್ಲತಕ್ಕದ್ದು. ಗಿಡಕ್ಕೆ ಗೊಬ್ಬರವಾದೀತೆಂದು ಅಂಗಳದ ತುಳಸಿಗೆ ಹಾಕಿದರೆ ಉಪ್ಪಿನಿಂದ ತುಳಸಿ ಒಣಗುತ್ತದೆ.